ಹದಿಹರೆಯದವರ ಕಾದಂಬರಿಗಳು ನಮ್ಮಲ್ಲೂ ಬರಲಿ

ಮಾನ್ಯ ಸಂಪಾದಕರೇ,

ಹೈಸ್ಕೂಲು ಮಕ್ಕಳು ಮೊಬೈಲ್ ಬಿಟ್ಟು ಪುಸ್ತಕ ಮುಟ್ಟುವುದಿಲ್ಲ ಎಂಬ ದೂರು ವಾಚಕರ ವಾಣಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆದರೆ 13ರಿಂದ 17ರ ವಯಸ್ಸಿನವರು ತಮ್ಮದೆಂದು ಓದಿಕೊಳ್ಳಬಹುದಾದ ಕಾದಂಬರಿಗಳನ್ನು ನಾವು ಅವರಿಗೆ ಎಷ್ಟು ಕೊಟ್ಟಿದ್ದೇವೆ? ಕೊಪ್ಪಳ ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಪುಟಾಣಿಗಳಿಗಾಗಿ ಪದ್ಯ ಬರೆದರು. ಮೀಸೆ ಚಿಗುರುವ ವಯಸ್ಸಿನವರಿಗೆ ಬರೆಯುವವರು ಮಾತ್ರ ಇಂದಿಗೂ ತೀರ ವಿರಳ.

ಈ ಸಂದರ್ಭದಲ್ಲಿ ಅಮೆರಿಕದ ಕಾದಂಬರಿಗಾರ್ತಿ ಎಸ್. ಇ. ಹಿಂಟನ್ ಅವರ ಬದುಕು ನೆನಪಿಗೆ ಬರುತ್ತದೆ. 1948ರಲ್ಲಿ ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಹುಟ್ಟಿದ ಅವರು, ತಮ್ಮ ಶಾಲೆಯಲ್ಲಿ ಉಳ್ಳವರ ಮಕ್ಕಳೂ ಬಡವರ ಮಕ್ಕಳೂ ಎರಡು ಗುಂಪಾಗಿ ಬಡಿದಾಡುವುದನ್ನು ಕಂಡು, ಅಂಥ ಬದುಕನ್ನು ಇದ್ದಂತೆ ಹೇಳುವ ಪುಸ್ತಕ ಸಿಗದಿದ್ದಾಗ, 15ನೇ ವಯಸ್ಸಿನಲ್ಲಿ ತಾವೇ ಬರೆಯಲು ಕುಳಿತರು. ಅದೇ ವರ್ಷಗಳಲ್ಲಿ ತಂದೆ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. 1967ರಲ್ಲಿ ‘ದಿ ಔಟ್‌ಸೈಡರ್ಸ್’ ಅಚ್ಚಾದಾಗ ಅವರಿಗೆ 18 ವರ್ಷ. ಹುಡುಗರ ಬಡಿದಾಟದ ಕಥೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದರೆ ವಿಮರ್ಶಕರು ಬದಿಗೆ ಸರಿಸಿಯಾರು ಎಂದು ಪ್ರಕಾಶಕರು ಪೂರ್ತಿ ಹೆಸರಿನ ಬದಲು ಇನಿಷಿಯಲ್ ಅಷ್ಟೇ ಹಾಕಿಸಿದರು. ಹೆಸರು ಬಂದ ಮೇಲೆ ಬರವಣಿಗೆಯೇ ನಿಂತುಹೋಗಿ, ದಿನಕ್ಕೆ ಎರಡು ಪುಟವಾದರೂ ಬರೆಯಲೇಬೇಕೆಂದು ಗೆಳೆಯ ಪಟ್ಟು ಹಿಡಿದ ಮೇಲೆ 1971ರಲ್ಲಿ ಎರಡನೆಯ ಕಾದಂಬರಿ ಹೊರಬಂತು.

ಶಿಕ್ಷಕಿಯಾದ ನನ್ನನ್ನು ಬಹಳ ಕಾಡುವುದು ಬೇರೊಂದು ಸಂಗತಿ. ‘ದಿ ಔಟ್‌ಸೈಡರ್ಸ್’ ಬರೆಯುತ್ತಿದ್ದ ವರ್ಷವೇ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ಹಿಂಟನ್ ಅವರಿಗೆ ಸಿಕ್ಕಿದ್ದು ‘ಡಿ’ ದರ್ಜೆ. ನಮ್ಮಲ್ಲೂ ಗೈಡಿನಲ್ಲಿದ್ದಂತೆ ಬರೆದ ಪ್ರಬಂಧಕ್ಕೆ ಪೂರ್ತಿ ಅಂಕ. ರಾಯಚೂರು ಸೀಮೆಯ ಮನೆಮಾತು ನುಸುಳಿದರೆ ಕೆಂಪು ಗೆರೆ.

ಬರೆಯುವ ಮಕ್ಕಳು ಇಲ್ಲವೆಂದಲ್ಲ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದ ಮೇಲೆ ಅಜ್ಜಿಯ ಜೊತೆ ಉಳಿದ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಥೆಯೊಂದನ್ನು ಬರೆದಿದ್ದಾಳೆ. ಅದರಲ್ಲಿ, ಕರೆನ್ಸಿ ಮುಗಿದ ಮೊಬೈಲನ್ನು ಅಜ್ಜಿ ಕಿವಿಗೆ ಹಿಡಿದುಕೊಂಡೇ, ಅತ್ತ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನಂಬಿ, ಹತ್ತಿ ಬಿಡಿಸಿದ ಕೂಲಿ ಬಂದದ್ದನ್ನು ಹೇಳುತ್ತಲೇ ಇರುತ್ತಾಳೆ. ಫೋನು ಕಟ್ಟಾಗಿದೆ ಎಂದು ಮೊಮ್ಮಗಳು ಹೇಳುವುದಿಲ್ಲ. ಇದನ್ನು ಯಾವ ಹಿರಿಯ ಲೇಖಕರೂ ಆಕೆಯ ಪರವಾಗಿ ಬರೆದುಕೊಡಲಾರರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆವೃತ್ತಿಗಳಲ್ಲಿ ತಿಂಗಳಿಗೆ ಒಂದು ಪುಟವನ್ನಾದರೂ ಈ ವಯಸ್ಸಿನವರ ಕಥೆ, ಧಾರಾವಾಹಿಗಳಿಗೆ ಮೀಸಲಿಡಬೇಕು. ಮುಖ್ಯೋಪಾಧ್ಯಾಯರ ಶಿಫಾರಸು ಕೇಳಬಾರದು, ಮಕ್ಕಳ ಮಾತಿನ ಸೊಗಡನ್ನು ತಿದ್ದಬಾರದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಜೊತೆಗೆ ಹದಿಹರೆಯದವರ ಕಾದಂಬರಿಗಳನ್ನೂ ಕೊಳ್ಳುವುದಾದರೆ ಪ್ರಕಾಶಕರಿಗೂ ಧೈರ್ಯ ಬರುತ್ತದೆ. ತಮ್ಮ ಪುಟ ಶನಿವಾರ ಪ್ರಕಟವಾದರೆ ಇನ್ನೂ ಅನುಕೂಲ. ಅಂದು ಶಾಲೆ ಬೆಳಗಿನ ಹೊತ್ತು ಮಾತ್ರ ಇರುವುದರಿಂದ ಮಕ್ಕಳಿಗೆ ಓದಲು ಬಿಡುವು ಸಿಗುತ್ತದೆ.

— ಪ್ರೌಢಶಾಲಾ ಕನ್ನಡ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ