ಮೂರು ಎಕರೆಗೆ ಮರಳಿ ಬರುವ ಮಗನಿಗೆ

ಚಿರಂಜೀವಿ ಮಗನಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಕೃತ್ತಿಕೆ ಮಳೆ ಹದವಾಗಿ ಬಂದು ಹೋಯಿತು, ಹೊಲ ಒಂದು ಸಲ ಉತ್ತಿದ್ದಾಗಿದೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದನ್ನು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ಬರುತ್ತೇನೆ, ಅಪ್ಪನ ಮೂರು ಎಕರೆಯಲ್ಲೂ ನಾಟಿ ತಳಿಯ ರಾಗಿಯನ್ನೇ ಬಿತ್ತುತ್ತೇನೆ ಎಂದೆ. ನಿಮ್ಮಪ್ಪ ಕೊಳವೆಬಾವಿ ಕೊರೆಸಿ ಅಡಿಕೆ ಹಾಕು ಎನ್ನುತ್ತಿದ್ದಾನೆ. ಗುಬ್ಬಿಯ ಕಡೆಗೆ ಹೋಗುವ ದಾರಿಯಲ್ಲಿ ನಾನು ಬಲ್ಲ ರಾಗಿ ಹೊಲಗಳಲ್ಲಿ ಎಷ್ಟೋ ಈಗ ಅಡಿಕೆ ತೋಟಗಳಾಗಿವೆ. ಅವರನ್ನು ನಾನು ದೂರುವುದಿಲ್ಲ. ಮಗಳ ಮದುವೆಯ ಸಾಲ ರಾಗಿಯಿಂದ ತೀರದಿದ್ದಾಗ ಮನುಷ್ಯ ಬೇರೆ ದಾರಿ ನೋಡಲೇಬೇಕಾಗುತ್ತದೆ. ಆದರೂ ನೀನು ರಾಗಿ ಎಂದಾಗ ನನಗಾದ ಸಂತೋಷವನ್ನು ನಿನ್ನಿಂದ ಮುಚ್ಚಿಡಲಾರೆ. ಆ ಸಂತೋಷದ ಜೊತೆಗೇ ಭಯವೂ ಆಯಿತು. ಈ ಕಾಗದ ಬರೆಯುತ್ತಿರುವುದು ಆ ಭಯಕ್ಕಾಗಿ.

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು, ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಖುಷ್ಕಿ ಜಮೀನಿನಲ್ಲಿ ಮಳೆ ಸರಿಯಾದ ವರ್ಷ ಜಿಪಿಯು-28 ಎಂಬ ಸುಧಾರಿತ ರಾಗಿ ತಳಿ ಎಕರೆಗೆ ಹನ್ನೆರಡು ಕ್ವಿಂಟಲ್ ಕೊಟ್ಟಿದೆ. ಪಕ್ಕದ ತುಂಡಿನಲ್ಲಿ ನಮ್ಮ ನಾಟಿ ತಳಿಯಾದ ಉಂಡೆ ರಾಗಿ ಎಂಟು ದಾಟಿದ್ದಿಲ್ಲ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ನಾಲ್ಕು ಕ್ವಿಂಟಲ್ ಕಡಿಮೆ ಎಂದರೆ ಎಕರೆಗೆ 19,544 ರೂಪಾಯಿ. ಮೂರು ಎಕರೆಗೆ ಸುಮಾರು ಐವತ್ತೆಂಟು ಸಾವಿರದ ಖೋತಾ. ನಾಟಿ ರಾಗಿಯ ಹುಲ್ಲು ಎತ್ತರ, ದನಕ್ಕೆ ಹೆಚ್ಚು ಮೇವು ಸಿಗುತ್ತದೆ, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ಹಳ್ಳ ಪೂರ್ತಿ ತುಂಬುವುದಿಲ್ಲ. ತಳಿ ಉಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಈ ದುಡ್ಡನ್ನು ಬಿಟ್ಟುಕೊಡುವವನು ಮಾತ್ರ ಮೂರು ಎಕರೆಯ ರೈತ. ನನಗೆ ಸಿಟ್ಟು ಬರುವುದು ಇಲ್ಲೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದಿತು, ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಹಾಗಿದ್ದೂ ಬೀಜ ಕಾಯುವ ನಮ್ಮಂಥ ಮನೆಗೆ ಕಾಯುವ ಕೂಲಿ ಬಂದದ್ದಿಲ್ಲ.

ಹಾಗೆಂದು ಹೊಸ ತಳಿಗಳನ್ನು ವೈರಿಗಳಂತೆ ನೋಡಬೇಡ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅದಕ್ಕೆ ಮೊದಲು ಈ ಮನೆಯಲ್ಲೇ ಬೇಸಿಗೆಯ ಕೊನೆಗೆ ರಾಗಿ ತುಂಬಿಡುವ ಹಗೇವು ಬರಿದಾಗಿ, ಇನ್ನೊಬ್ಬರ ಮನೆಯಲ್ಲಿ ರಾಗಿ ಸಾಲ ಕೇಳಿದ್ದುಂಟು ಎಂದು ನಮ್ಮತ್ತೆ ಹೇಳುತ್ತಿದ್ದರು. ಇಂಡಾಫ್ ಬಂದ ಮೇಲೆ ಆ ಸಾಲ ನಿಂತಿತು. ಬೆಂಕಿ ರೋಗಕ್ಕೆ ಬಗ್ಗದ ಜಿಪಿಯು-28 ಕೂಡ ನಮ್ಮ ಹೊಟ್ಟೆ ತುಂಬಿಸಿದ ತಳಿಯೇ. ಆದರೆ ಸಂಕರ ಮಾಡುವವರ ಕೈಗೆ ಮೊದಲು ಹಳೆಯ ತೆನೆ ಸಿಗಬೇಕಲ್ಲವೇ? ನಾಳೆ ಹೊಸ ರೋಗ ಬಂದರೆ, ಮಳೆ ಇನ್ನಷ್ಟು ತಪ್ಪಿದರೆ, ಅವರು ಹುಡುಕಿಕೊಂಡು ಬರಬೇಕಾದದ್ದು ಉಂಡೆ ರಾಗಿ, ಎಡಗು ರಾಗಿ, ಜಗಳೂರು ರಾಗಿ ಇರುವ ಹೊಲಕ್ಕೇ. ಕುಮಟಾದ ಮಾಣಿಕಟ್ಟದ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಆ ನೀರು ತಡೆದು ನಿಲ್ಲುವ ಕಗ್ಗ ಭತ್ತವನ್ನು ನೆನೆ. ಅಘನಾಶಿನಿಯ ಅಳಿವೆಯ ಆ ಗದ್ದೆಗಳಿಗೆ ಬೇರೆ ಭತ್ತ ಒಯ್ದು ನಾಟಿ ಮಾಡಿದರೆ ಬದುಕೀತೇ?

ಆದ್ದರಿಂದ ಮೊದಲ ವರ್ಷ ಎರಡೂವರೆ ಎಕರೆಗೆ ಜಿಪಿಯು-28 ಹಾಕು. ಉಳಿದ ಇಪ್ಪತ್ತು ಗುಂಟೆ ಉಂಡೆ ರಾಗಿಗಿರಲಿ. ಹತ್ತು ಸಾವಿರದ ಖೋತಾವನ್ನು ನೀನು ಹೊರಬಲ್ಲೆ, ಐವತ್ತೆಂಟು ಸಾವಿರದ್ದನ್ನು ಹೊತ್ತರೆ ಎರಡನೆಯ ವರ್ಷವೇ ನೀನೂ ಅಡಿಕೆ ಸಸಿ ತರುತ್ತೀಯೆ. ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಕಾಪಾಡಿದ್ದಾರೆ, ಅವರಿಗೆ ನನ್ನ ನಮಸ್ಕಾರ. ನಿನಗೆ ಒಂದು ರಾಗಿ, ಒಂದು ಅವರೆ ಸಾಕು. ಅವೆರಡನ್ನೇ ಬೆರಕೆಯಾಗದಂತೆ ಹತ್ತು ವರ್ಷ ಉಳಿಸಿಕೊಂಡರೆ ಅದು ಸಣ್ಣ ಕೆಲಸವಲ್ಲ.

ರಾಗಿಯ ನಡುವೆ ಬೇರೆ ಬೆಳೆ ಹಾಕುವ ಅಕ್ಕಡಿ ಸಾಲನ್ನು ಮಾತ್ರ ಬಿಡಬೇಡ, ಎರಡೂವರೆ ಎಕರೆಯಲ್ಲೂ ಹಾಕು. ಎಂಟು ಸಾಲು ರಾಗಿಗೊಂದು ಅಕ್ಕಡಿ, ಅದರಲ್ಲಿ ಅವರೆ, ತೊಗರಿ, ನಡುನಡುವೆ ಜೋಳ. ಜೋಳದ ತೆನೆಗೆ ಬಂದು ಕೂರುವ ಹಕ್ಕಿಗಳು ಅವರೆಯ ಹುಳುವನ್ನೂ ಹೆಕ್ಕುತ್ತವೆ. ಹುಚ್ಚೆಳ್ಳನ್ನು ದನ ಬಾಯಿಗೆ ಹಾಕುವುದಿಲ್ಲ, ಹೊಲದ ಅಂಚಿಗೆ ಅದೇ ಬೇಲಿ. ಅದು ಹೂ ಬಿಟ್ಟಾಗ ಜೇನುಹುಳು ಬರುತ್ತವೆ, ಅವು ಬಂದರೇ ಹುಚ್ಚೆಳ್ಳು ಕಾಳು ಕಟ್ಟುವುದು. ಒಂದು ವರ್ಷ ಮಘೆ ಮಳೆ ಕೈಕೊಟ್ಟು ರಾಗಿ ಅರ್ಧಕ್ಕರ್ಧ ಜೊಳ್ಳಾದಾಗ ನಮ್ಮನ್ನು ಉಳಿಸಿದ್ದು ಅವರೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚಿ, ಸಂಕ್ರಾಂತಿಯವರೆಗೆ ವಾರಕ್ಕೆರಡು ಚೀಲ ಸೊನೆ ಅವರೆಕಾಯಿ ತುಮಕೂರಿಗೆ ಹೋಯಿತು. ಕೈಗೆ ನಗದು ಕಾಣಿಸಿದ್ದು ಆ ಚಳಿಗಾಲದಲ್ಲೇ.

ಬೀಜದ ರಾಗಿಯನ್ನು ಕಣದಲ್ಲಿ ರಾಶಿಯಿಂದ ತೆಗೆಯಬಾರದು. ಕೊಯ್ಲಿಗೆ ಮೊದಲೇ ಹೊಲದ ನಡುವೆ ಓಡಾಡಿ, ರೋಗವಿಲ್ಲದ, ಒಂದೇ ಸಮ ಮಾಗಿದ ತೆನೆಗಳನ್ನು ಕಿತ್ತು ಬೇರೆ ಕಟ್ಟಿಡು. ರಾಗಿ ಹೆಚ್ಚುಕಡಿಮೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಹೊಲದಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ಬೆರೆಯುವುದೆಲ್ಲ ಕಣದಲ್ಲಿ ಮತ್ತು ಚೀಲದಲ್ಲಿ. ಬಾಡಿಗೆಯ ಒಕ್ಕಣೆ ಯಂತ್ರದಲ್ಲಿ ಹಿಂದಿನ ಹೊಲದವರ ರಾಗಿ ಉಳಿದಿರುತ್ತದೆ, ಬೀಜದ ತೆನೆಯನ್ನು ಅದಕ್ಕೆ ಕೊಡದೆ ಕೈಯಲ್ಲೇ ಬಡಿ. ತೊಗರಿಯ ಕತೆ ಬೇರೆ, ಜೇನು ಅದನ್ನು ಬೆರೆಸುತ್ತದೆ. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕೈದು ಕೆಜಿ ಬೀಜ ಬೇಕು, ಅದರ ಎರಡರಷ್ಟು ಇಟ್ಟುಕೋ, ಮೊದಲ ಬಿತ್ತನೆ ಒಣಗಿ ಹೋಗುವುದುಂಟು.

ಮಾರುವ ವಿಷಯಕ್ಕೆ ಬರುತ್ತೇನೆ. ಸಿರಿಧಾನ್ಯ ಮೇಳದಲ್ಲಿ ಪೊಟ್ಟಣದ ಬೆಲೆ ನೋಡಿ ನಿನಗೆ ಆಸೆಯಾಗಿದೆ. ನನಗೂ ಆಗಿತ್ತು. ಸಾವಯವ ವ್ಯಾಪಾರಿಯೊಬ್ಬರು ಮುಂಚೆಯೇ ಬಂದು ಒಳ್ಳೆಯ ಬೆಲೆ ಹೇಳಿದರು, ಒಂದೂವರೆ ಎಕರೆಗೆ ನಾಟಿ ರಾಗಿ ಹಾಕಿದೆ. ಕೊಯ್ಲಾದ ಮೇಲೆ ಅರ್ಧವನ್ನಷ್ಟೇ ಒಯ್ದರು, ದುಡ್ಡು ಬಂದದ್ದು ಎಂಟು ತಿಂಗಳಿಗೆ. ಬರೆದುಕೊಡದ ಮಾತನ್ನು ನಂಬಿ ಬಿತ್ತಬೇಡ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಬೇಕಾದ, ರೈತರಿಗೆ ಸರ್ಕಾರ ಕೊಡುವ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಈಗಲೇ ಮಾಡಿಸಿಕೋ, ನೋಂದಣಿ ಶುರುವಾದ ಮೇಲೆ ಓಡಾಡಬೇಡ. ಇನ್ನೊಂದು ವಿಷಯ ನಿನಗೆ ತಿಳಿದಿರಲಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ನೀನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಯಾರಾದರೂ ಹೆದರಿಸಿದರೆ ಹೆದರಬೇಡ.

ಕೊನೆಯದಾಗಿ, ನಾನು ಯಾರಿಗೂ ಹೇಳದಿದ್ದ ಒಂದು ಮಾತು. ನಮ್ಮತ್ತೆ ಕೈಗಿಟ್ಟು ಹೋದ ಉಂಡೆ ರಾಗಿಯನ್ನು ನಾನು ಒಮ್ಮೆ ಪೂರ್ತಿ ಕಳೆದಿದ್ದೆ. ಬೂದಿ ಬೆರೆಸಿ, ಹೊಂಗೆ ಸೊಪ್ಪು ಹಾಕಿ, ಎಲ್ಲವನ್ನೂ ಒಂದೇ ಗುಡಾಣದಲ್ಲಿಟ್ಟಿದ್ದೆ. ಹೆಂಚು ಒಡೆದು ನೀರಿಳಿದದ್ದು ಗೊತ್ತೇ ಆಗಲಿಲ್ಲ. ಪುನರ್ವಸು ಮಳೆಗೆ ತೆಗೆದಾಗ ಮುಗ್ಗಲು ವಾಸನೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಅದಕ್ಕೂ ಮೂರು ವರ್ಷ ಮೊದಲು ಕೆರೆಯಾಚೆಯ ಮನೆಯ ಹೆಂಗಸು ಒಂದು ಸೇರು ಕೇಳಿ ಒಯ್ದದ್ದು ನೆನಪಾದದ್ದು ಮರುದಿನ. ಹೋಗಿ ಕೇಳಿದೆ. ಆಕೆ ಏನನ್ನೂ ಕೇಳದೆ ಎರಡು ಸೇರು ಅಳೆದು ಮಡಿಲಿಗೆ ಹಾಕಿದಳು. ಈಗ ಹೊಲದಲ್ಲಿರುವುದು ಆ ಮನೆಯ ರಾಗಿ. ನಿನ್ನ ಬೀಜ ಕನಿಷ್ಠ ಮೂರು ಮನೆಗಳಲ್ಲಿರಲಿ. ಕೇಳಿದವರಿಗೆ ಇಲ್ಲ ಎನ್ನಬೇಡ, ದುಡ್ಡು ತೆಗೆದುಕೊಳ್ಳಬೇಡ, ಮುಂದಿನ ವರ್ಷ ಅಷ್ಟೇ ಅಳತೆ ಹಿಂದಕ್ಕೆ ಕೊಡಲಿ.

ಮೃಗಶಿರ ಮಳೆ ಮುಗಿಯುವುದರೊಳಗೆ ಒಂದು ಶನಿವಾರ ಬಂದು ಹೋಗು. ಕೂರಿಗೆಯ ದಿಂಡು ಬಿರುಕು ಬಿಟ್ಟಿದೆ, ಬಡಗಿಯ ಮನೆಗೆ ಹೊರಲು ಗಂಡಾಳು ಬೇಕು. ಹಾಗೆಯೇ ಕೆರೆಯಾಚೆಯ ಆ ಮನೆಗೂ ನಿನ್ನನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತೇನೆ. ಆಕೆಗೆ ಈಗ ಕಣ್ಣು ಮಂಜು, ನೀನು ಯಾರ ಮಗ ಎಂದು ನಾನೇ ಹೇಳಬೇಕು.

ಇಂತಿ,
ನಿನ್ನ ದೊಡ್ಡಮ್ಮ