ಅಂಕ ಬಂದರೆ ಸಾಕೆ, ಬಲ್ಬ್ ಉರಿಯಬೇಡವೆ?

ಮಾನ್ಯರೆ,

ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರ ವಿಜ್ಞಾನದ ತಿಳಿವಳಿಕೆ ಲಿಖಿತ ಪರೀಕ್ಷೆಯಲ್ಲಿ ಬಯಲಾಗುವುದಿಲ್ಲ. ‘ಮಂಡಲ ಪೂರ್ಣವಾದರೆ ಮಾತ್ರ ವಿದ್ಯುತ್ ಹರಿಯುತ್ತದೆ’ ಎಂದು ತಪ್ಪಿಲ್ಲದೆ ಬರೆದವರ ಕೈಗೆ 1.5 ವೋಲ್ಟಿನ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ತುಂಡು ತಂತಿ ಕೊಟ್ಟು ಉರಿಸಲು ಹೇಳಿ ನೋಡಿ. ಹಲವರು ತಂತಿಯ ಒಂದು ತುದಿಯನ್ನು ಸೆಲ್‌ಗೂ ಇನ್ನೊಂದನ್ನು ಬಲ್ಬಿನ ತಳಕ್ಕೂ ಹಿಡಿದು ಕಾಯುತ್ತಾರೆ. ಬಲ್ಬಿನಲ್ಲೂ ಎರಡು ಸಂಪರ್ಕ ಜಾಗಗಳಿವೆ: ತಳದ ಚುಕ್ಕೆ ಒಂದು, ಪಕ್ಕದ ಲೋಹದ ಕವಚ ಇನ್ನೊಂದು. ಹೋಲ್ಡರ್ ಇವೆರಡನ್ನೂ ಮುಚ್ಚಿಡುವುದರಿಂದ ಮೊದಲ ಪಾಠಕ್ಕೆ ಹೋಲ್ಡರ್ ಬೇಡ. ಚುಕ್ಕೆಯನ್ನು ಸೆಲ್ಲಿನ ಧನ ತುದಿಯ ಮೇಲೆ ನಿಲ್ಲಿಸಿ, ಋಣ ತುದಿಯಿಂದ ತಂತಿಯನ್ನು ಕವಚಕ್ಕೆ ತಾಗಿಸಿದರೆ ಆಯಿತು. (ಫಿಲಮೆಂಟ್ ಬಲ್ಬೇ ಬೇಕು, ಬಿಳಿ ಎಲ್‌ಇಡಿ 1.5 ವೋಲ್ಟಿಗೆ ಉರಿಯದು.)

ಇದಕ್ಕಿಂತ ಹಠಮಾರಿ ತಪ್ಪು ಮೇಣದಬತ್ತಿಯದು. ತಟ್ಟೆಯ ನೀರಿನಲ್ಲಿ ಬತ್ತಿ ಹಚ್ಚಿಟ್ಟು ಗಾಜಿನ ಲೋಟ ಕವುಚಿದರೆ ನೀರು ಒಳಗೆ ಏರುತ್ತದೆ. ‘ಗಾಳಿಯ ಐದನೇ ಒಂದು ಭಾಗವಾದ ಆಮ್ಲಜನಕ ಮುಗಿಯಿತು, ಆ ಜಾಗಕ್ಕೆ ನೀರು ಬಂತು’ ಎಂಬ ವಿವರಣೆ ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಜ್ವಾಲೆ ಆರುತ್ತದೆ. ಉರಿದದ್ದಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನೀರೇರಲು ಮುಖ್ಯ ಕಾರಣ, ಕಾದು ಹಿಗ್ಗಿದ್ದ ಗಾಳಿ ತಣಿದು ಒಳಗಿನ ಒತ್ತಡ ಇಳಿಯುವುದು. ಕಣ್ಣಿಟ್ಟು ನೋಡಿದರೆ ನೀರಿನ ದೊಡ್ಡ ಏರಿಕೆ ಬತ್ತಿ ಉರಿಯುವಾಗಲ್ಲ, ಆರಿದ ಮೇಲೆ. ಅದೇ ಲೋಟದಡಿ ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಲೋಟದೊಳಗಿನ ಆಮ್ಲಜನಕವೇನೂ ಮೂರು ಪಟ್ಟಾಗಿಲ್ಲವಲ್ಲ!

ಚಂದ್ರನ ಕಲೆಗಳಿಗೆ, ಅಂದರೆ ಅದು ದಿನದಿಂದ ದಿನಕ್ಕೆ ಹಿಗ್ಗುತ್ತ ಕುಗ್ಗುತ್ತ ಕಾಣುವುದಕ್ಕೆ, ಭೂಮಿಯ ನೆರಳೇ ಕಾರಣ ಎನ್ನುವವರೂ ಕಡಿಮೆಯಿಲ್ಲ. ಅರ್ಧಚಂದ್ರ ಮತ್ತು ಸೂರ್ಯ ಒಟ್ಟಿಗೇ ಆಕಾಶದಲ್ಲಿ ಕಾಣುವ ಹಗಲಿನಲ್ಲಿ ಹೊರಗೆ ಕರೆದೊಯ್ದು ಎರಡನ್ನೂ ತೋರಿಸಿದರೆ ಆ ವಾದ ಬಿದ್ದುಹೋಗುತ್ತದೆ: ಭೂಮಿಯ ನೆರಳು ಸೂರ್ಯನಿಗೆ ಎದುರು ದಿಕ್ಕಿಗೆ ಬೀಳುತ್ತದೆಯೇ ಹೊರತು ಆ ಚಂದ್ರನ ಮೇಲಲ್ಲ.

‘ಇದು ತಪ್ಪು’ ಎಂದು ಹೇಳಿ ಮುಗಿಸಿದರೆ ಹಳೆಯ ಕಲ್ಪನೆ ಬೋಧನಾಭ್ಯಾಸದ ತರಗತಿಯಲ್ಲಿ ಮತ್ತೆ ಹಾಜರಾಗುತ್ತದೆ. ಪ್ರಯೋಗಕ್ಕೆ ಮೊದಲೇ ‘ಏನಾಗುತ್ತದೆ, ಯಾಕೆ’ ಎಂದು ಪ್ರತಿಯೊಬ್ಬರೂ ಬರೆದಿಡಬೇಕು; ಆಮೇಲೆ ಮಾಡಿ ನೋಡಬೇಕು; ಊಹೆ ತಪ್ಪಿದರೆ ಎಲ್ಲಿ ತಪ್ಪಿತು ಎಂಬುದನ್ನು ಬರೆದದ್ದಕ್ಕೆ ಅಂಕ ಕೊಡಬೇಕು. ಪಾಠಯೋಜನೆಯಲ್ಲಿ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನಗಳ ಅಂಕಣ ಸಾಲುಗಟ್ಟಿವೆ. ‘ಮಕ್ಕಳು ಇಲ್ಲಿ ಏನೆಂದು ತಪ್ಪು ತಿಳಿಯಬಹುದು’ ಎಂಬ ಇನ್ನೊಂದು ಅಂಕಣವನ್ನು ಮುಂದಿನ ತಂಡದಿಂದಲೇ ಕಡ್ಡಾಯ ಮಾಡಲಿ.

– ಶಿಕ್ಷಕ ತರಬೇತಿಯ ವಿಜ್ಞಾನ ಬೋಧಕರು