ಫೋನು ಟ್ರೇಗೆ ಹೋದ್ಮೇಲೆ ಪಾಸ್ ಎಲ್ಲಿಂದ ತೋರಿಸೋದು? ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಅವರಿಗೆ ನಮಸ್ಕಾರ.

ಸರ್, ಪೇಪರ್ ಬೋರ್ಡಿಂಗ್ ಪಾಸಲ್ಲಿರೋ ಬಾರ್‌ಕೋಡಿಗೂ ಮೊಬೈಲಲ್ಲಿರೋದಕ್ಕೂ ಏನೂ ವ್ಯತ್ಯಾಸ ಇಲ್ಲ, ಎರಡ್ರಲ್ಲೂ ಅದೇ ಹೆಸರು, ಅದೇ ಪಿಎನ್‌ಆರ್, ಅದೇ ಸೀಟು. ಆದ್ರೂ ಸೆಕ್ಯುರಿಟಿ ಚೆಕ್ ಹತ್ರ ಒಂದೊಂದು ಏರ್‌ಪೋರ್ಟಲ್ಲಿ ಒಂದೊಂದು ಪದ್ಧತಿ. ಕೆಲವು ಕಡೆ ಲೈನಿಗೆ ಸೇರೋ ಮುಂಚೆನೇ ಸ್ಕ್ಯಾನ್ ಮಾಡಿ ಒಳಗೆ ಬಿಡ್ತಾರೆ, ಆಮೇಲೆ ಯಾರೂ ಕೇಳಲ್ಲ. ಇನ್ನು ಕೆಲವು ಕಡೆ ಮೈ ತಪಾಸಣೆ ಮಾಡೋ ಜಾಗದಲ್ಲಿ ಮತ್ತೆ ಪಾಸ್ ತೋರ್ಸಿ ಅಂತಾರೆ, ಅಷ್ಟೊತ್ತಿಗೆ ಫೋನು ಟ್ರೇನಲ್ಲಿ ಕೂತು ಎಕ್ಸ್‌ರೇ ಮಷೀನ್ ಒಳಗೆ ಹೋಗಿರತ್ತೆ.

ಒಬ್ಬರೇ ಹೋಗೋರು ಹೆಂಗೋ ನಿಭಾಯಿಸ್ತಾರೆ. ಆದ್ರೆ ನಮ್ಮ ಮನೆಗಳಲ್ಲಿ ಟಿಕೆಟ್ ಬುಕ್ ಮಾಡಿದವರ ಫೋನಲ್ಲೇ ಎಲ್ಲರ ಪಾಸೂ ಇರತ್ತೆ, ಹೆಂಗಸರ ತಪಾಸಣೆ ಲೈನ್ ಬೇರೆ ಇರತ್ತೆ. ನಮ್ಮಮ್ಮನ ಹತ್ರ ಇರೋದು ಕೀಪ್ಯಾಡ್ ಫೋನು. ಒಂದು ಏರ್‌ಪೋರ್ಟಲ್ಲಿ ಅವ್ರನ್ನ ಪಕ್ಕಕ್ಕೆ ನಿಲ್ಲಿಸಿದ್ರು, ಪಾಸ್ ನನ್ನ ಫೋನಲ್ಲಿ, ಫೋನು ಮಷೀನಲ್ಲಿ, ನಾನು ಗಂಡಸರ ಲೈನಲ್ಲಿ, ‘ನನ್ನ ಮಗ ಆ ಕಡೆ ಇದಾನೆ’ ಅಂತ ಹೇಳೋಕೆ ಅವ್ರಿಗೆ ಹಿಂದಿ ಬರಲ್ಲ. ಏನೋ ತಪ್ಪು ಮಾಡಿದವರ ಥರ ಅಲ್ಲಿ ನಿಂತಿದ್ರು, ನೋಡಿ ತುಂಬಾ ಸಂಕಟ ಆಯ್ತು.

ತಪಾಸಣೆ ಸಡಿಲ ಮಾಡಿ ಅಂತ ನಾನು ಕೇಳ್ತಿಲ್ಲ. 1999ರ ಡಿಸೆಂಬರಲ್ಲಿ ಇಂಡಿಯನ್ ಏರ್‌ಲೈನ್ಸಿನ ಐಸಿ 814 ವಿಮಾನದ ಅಪಹರಣ ಆದ್ಮೇಲೆ ಇದು ಯಾಕೆ ಬಿಗಿಯಾಯ್ತು ಅಂತ ಎಲ್ರಿಗೂ ಗೊತ್ತು, ಡ್ಯೂಟಿ ಮಾಡೋ ಸೆಕ್ಯುರಿಟಿಯವರ ಮೇಲೂ ನಂಗೆ ಸಿಟ್ಟಿಲ್ಲ. ಆದ್ರೆ ಪದ್ಧತಿ ಬದಲಾಯಿಸಬಹುದು ಸರ್. ಹ್ಯಾಂಡ್ ಬ್ಯಾಗ್ ಟ್ಯಾಗಿಗೆ ಸೀಲ್ ಹೊಡೆಯೋದನ್ನ 2017ರ ಏಪ್ರಿಲಲ್ಲಿ ಬೆಂಗಳೂರೂ ಸೇರಿ ಏಳು ಏರ್‌ಪೋರ್ಟಲ್ಲಿ ನಿಲ್ಲಿಸಿದ್ರಲ್ಲ, ಅದಕ್ಕೂ ಮುಂಚೆ ಸೀಲ್ ಇಲ್ದಿದ್ರೆ ಗೇಟಿಂದ ವಾಪಸ್ ಓಡಬೇಕಿತ್ತು.

ಪಾಸ್ ಬದಲು ಮುಖ ಸ್ಕ್ಯಾನ್ ಮಾಡಿ ಒಳಗೆ ಬಿಡೋ ಡಿಜಿ ಯಾತ್ರಾ ಇದೆಯಲ್ಲ ಅಂತೀರೇನೋ. 2022ರ ಡಿಸೆಂಬರಲ್ಲಿ ಶುರುವಾದಾಗ ಮೊದಲ ಮೂರು ಏರ್‌ಪೋರ್ಟಲ್ಲಿ ಬೆಂಗಳೂರೂ ಇತ್ತು, ಒಳ್ಳೇದೇ, ಆದ್ರೆ ಅದಕ್ಕೂ ಸ್ಮಾರ್ಟ್‌ಫೋನ್ ಬೇಕು, ಆಧಾರ್ ಬೇಕು, ಮುಖದ ಫೋಟೋ ಕೊಡೋಕೆ ಮನಸ್ಸೂ ಬೇಕು. ಅಮ್ಮನಂಥವರಿಗೆ ಅದು ಆಗೋ ಮಾತಲ್ಲ.

ನಾನು ಕೇಳೋದು ಇಷ್ಟೇ. ಪಾಸ್ ಮತ್ತು ಐಡಿ ನೋಡೋದನ್ನ ಫೋನು ಟ್ರೇಗೆ ಹಾಕೋ ಮುಂಚೆನೇ ಮುಗಿಸಿ, ಆಮೇಲೆ ಕೇಳಬೇಡಿ, ದೊಡ್ಡ ಏರ್‌ಪೋರ್ಟಿಗೂ ಶಿವಮೊಗ್ಗ ಕಲಬುರಗಿಯಂಥ ಸಣ್ಣ ಏರ್‌ಪೋರ್ಟಿಗೂ ಇದೊಂದೇ ರೂಲು ಇರ್ಲಿ. ಪೇಪರ್ ಪಾಸ್ ಬೇಕು ಅಂದೋರಿಗೆ ಕೌಂಟರಲ್ಲಿ ಮಾತಿಲ್ದೆ ಕೊಡಬೇಕು. ಅದಕ್ಕೆ ಎಕ್ಸ್‌ಟ್ರಾ ದುಡ್ಡು ತಗೋಬಾರ್ದು ಅಂತ ನಿಮ್ಮ ಇಲಾಖೆನೇ 2022ರ ಜುಲೈನಲ್ಲಿ ಹೇಳಿದೆ, ಆದ್ರೆ ಅದು ಎಷ್ಟು ಜನಕ್ಕೆ ಗೊತ್ತು? ನಮ್ಮ ರಾಜ್ಯದ ಏರ್‌ಪೋರ್ಟ್‌ಗಳಲ್ಲಾದ್ರೂ ಇದನ್ನ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಚೆಕ್ ಇನ್ ಕೌಂಟರ್ ಮುಂದೆನೇ ಬೋರ್ಡ್ ಹಾಕ್ಸಿ ಸರ್.

ಇಂತಿ
ಒಬ್ಬ ಪ್ರಯಾಣಿಕ